‘ಮಿಯರೊಫಗಿಯ’ವನ್ನು ಕನ್ನಡದಲ್ಲಿ ಏನೆಂದು ಹೇಳಲಿ?

ಪ್ರಶ್ನೆ: ನಾನು ಮಂಗಳೂರಿನ ನಿವೃತ್ತ ಶಿಕ್ಷಕಿ. ನಮ್ಮ ಚರ್ಚಿನ ಯುವಕರಿಗಾಗಿ, ಹಂದಿಮಾಂಸ ತಿನ್ನಲೊಲ್ಲದೆ ಸತ್ತ ಯೆಹೂದ್ಯ ಮುದುಕ ಎಲಿಯಾಜರ್ ಮತ್ತು ಏಳು ಅಣ್ಣತಮ್ಮಂದಿರ ಬಲಿದಾನದ ಕಥೆಯನ್ನು ನಾಟಕ ಮಾಡುತ್ತಿದ್ದೇನೆ. ಓದುವಾಗ ಒಂದು ಟಿಪ್ಪಣಿಯಲ್ಲಿ ‘ಮಿಯರೊಫಗಿಯ’ ಎಂಬ ಗ್ರೀಕ್ ಪದ ಸಿಕ್ಕಿತು. ‘ಅಶುದ್ಧವಾದದ್ದನ್ನು ತಿನ್ನುವುದು’ ಎಂದು ಅರ್ಥ ಕೊಟ್ಟಿದ್ದರು. ವೈದ್ಯಕೀಯ ಓದುತ್ತಿರುವ ಮಗ, ‘ಫೇಜಿಯ ಅಂತ ಮುಗಿದರೆ ಅದು ನುಂಗೋ ಕಾಯಿಲೆ’ ಎಂದ. ವಾಟ್ಸ್ಆ್ಯಪ್‌ನಲ್ಲಿ ಪರಿಚಿತರೊಬ್ಬರು, ‘ಗ್ರೀಕರ ಮಿಯ, ನಮ್ಮ ಮೈಲಿಗೆ, ಎರಡೂ ಒಂದೇ ಬೇರು’ ಎಂದು ಬರೆದರು. ಅದನ್ನು ನಂಬಿ ಸಂಭಾಷಣೆಯಲ್ಲಿ ‘ಮೈಲಿಗೆ ಊಟ’ ಎಂದು ಹಾಕಿದೆ. ತಾಲೀಮಿನ ದಿನ ಎಲಿಯಾಜರನ ಪಾತ್ರದ ಹುಡುಗ, ‘ಮಿಸ್, ನಮ್ಮ ಮನೆಯಲ್ಲಿ ಹಂದಿ ಮಾಡ್ತೇವೆ. ನಾನು ಇದನ್ನು ಹೇಳುವುದಿಲ್ಲ’ ಎಂದು ಪುಸ್ತಕ ಮುಚ್ಚಿಟ್ಟ. ಅವನದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಗ್ರೀಕರ ಈ ಪದದ ನಿಜವಾದ ಅರ್ಥವೇನು? ಕನ್ನಡದಲ್ಲಿ ಏನು ಬರೆಯಲಿ?

ಉತ್ತರ: ಎಲಿಯಾಜರನ ಪಾತ್ರದ ನಿಮ್ಮ ಹುಡುಗನಿಗೆ ಮೊದಲು ನನ್ನ ನಮಸ್ಕಾರ ಹೇಳಿ. ಎಷ್ಟೋ ವರ್ಷ ಗ್ರೀಕ್ ಪಾಠ ಮಾಡಿದ್ದೇನೆ, ಅನುವಾದದ ಸಭೆಗಳಲ್ಲಿ ಒಂದೊಂದು ಪದಕ್ಕೆ ಇಡೀ ಮಧ್ಯಾಹ್ನ ಜಗಳವಾಡಿದ್ದೇನೆ. ಅಲ್ಲಿ ಪಂಡಿತರು ದಾಟಿಹೋದ ತೊಡಕನ್ನು ಹೀಗೆ ಮಾತು ಹೇಳಬೇಕಾದವನೇ ಹಿಡಿದು ನಿಲ್ಲಿಸುವುದನ್ನು ಕಂಡಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಕಷ್ಟಗಳು ಹೆಣೆದುಕೊಂಡಿವೆ. ಒಂದು ಪದದ ಅರ್ಥದ್ದು. ಇನ್ನೊಂದು, ಹಬ್ಬಕ್ಕೆ ಹಂದಿ ಬಾಫತ್ ಮಾಡುವ ಊರಿನಲ್ಲಿ ಹಂದಿ ತಿನ್ನಲೊಲ್ಲದೆ ಸತ್ತವರ ಕಥೆಯನ್ನು ಆಡುವುದು ಹೇಗೆ ಎಂಬುದು. ಮೊದಲನೆಯದು ಬಿಡಿಸಿಕೊಂಡರೆ ಎರಡನೆಯದೂ ಬಹುಪಾಲು ಸಡಿಲವಾಗುತ್ತದೆ.

ಮಗನ ಮಾತನ್ನು ಬೇಗ ಮುಗಿಸೋಣ. ಗ್ರೀಕ್‌ನಲ್ಲಿ ‘ಫಗೆಯ್ನ್’ ಎಂದರೆ ತಿನ್ನುವುದು. ವೈದ್ಯರ ಡಿಸ್ಫೇಜಿಯದಲ್ಲಿ ಕಾಯಿಲೆಯನ್ನು ಹೇಳುವುದು ಮುಂದಿನ ‘ಡಿಸ್’, ಅಂದರೆ ಕಷ್ಟ. ಬಾಲದಲ್ಲಿ ರೋಗವಿಲ್ಲ. ಹೋಮರನ ಕಾವ್ಯದಲ್ಲಿ ಕಮಲದ ಹಾಗಿನ ಏನನ್ನೋ ತಿಂದು ಊರು ಮರೆಯುವ ‘ಲೋತೊಫಗೊಯ್’ ಎಂಬ ಜನ ಬರುತ್ತಾರೆ. ಅವರಿಗೂ ಗಂಟಲು ಚೆನ್ನಾಗಿಯೇ ಇತ್ತು.

ವಾಟ್ಸ್ಆ್ಯಪ್‌ನ ಮಾತು ಸುಳ್ಳು, ಆದರೆ ಸ್ವಾರಸ್ಯದ ಸುಳ್ಳು. ‘ಮಿಯರೊಸ್’ ಎಂಬುದು ಕಲೆ ಹತ್ತಿಸು ಎಂಬರ್ಥದ ‘ಮಿಯಯ್ನೊ’ ಕ್ರಿಯಾಪದದ ಮನೆಯದು. ನಮ್ಮ ‘ಮೈಲಿಗೆ’ಯನ್ನು ಪ್ರಾಕೃತದ ‘ಮಇಲ’, ಸಂಸ್ಕೃತದ ‘ಮಲಿನ’ಕ್ಕೆ ಜೋಡಿಸುವುದುಂಟು, ಅದಕ್ಕೆ ಗ್ರೀಕ್‌ನಲ್ಲಿ ನೆಂಟರನ್ನು ಹುಡುಕಹೊರಟವರು ಕಪ್ಪು ಎಂಬರ್ಥದ ‘ಮೆಲಾಸ್’ ಕಡೆಗೆ ಕೈ ತೋರಿಸುತ್ತಾರೆ. ‘ಮಿಯ’ಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ನೆಂಟಸ್ತಿಕೆ ಇರುವುದು ಪದದ ಇನ್ನೊಂದು ತುದಿಯಲ್ಲಿ, ಯಾರೂ ನೋಡದ ಕಡೆ. ‘ಫಗೆಯ್ನ್’ ಮತ್ತು ಸಂಸ್ಕೃತದ ‘ಭಜ್’ ಒಂದೇ ತಾಯಿಯ ಮಕ್ಕಳು. ‘ಭಜ್’ ಎಂದರೆ ಹಂಚು, ಪಾಲು ಪಡೆ. ಭಾಗ, ಭಕ್ತ, ಭಕ್ಷ್ಯ, ಭಕ್ಷಣ ಎಲ್ಲ ಅಲ್ಲಿಂದ ಬಂದವು. ಗದ್ದೆಯ ಭತ್ತವೂ ‘ಭಕ್ತ’ದ ಪ್ರಾಕೃತ ರೂಪವೇ. ಪಾಲಿಗೆ ಬಂದದ್ದನ್ನು ಉಣ್ಣುವುದರಿಂದ ಉಣ್ಣುವುದಕ್ಕೇ ಆ ಹೆಸರು ನಿಂತಿತು. ಬೇರು ಗೊತ್ತಾದ ಮಾತ್ರಕ್ಕೆ ಅರ್ಥ ಗೊತ್ತಾಯಿತೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಿದವನಲ್ಲ. ಆದರೂ ‘ಪಾಲು’ ಎಂಬ ಮಾತನ್ನು ಒಂದು ಕಡೆ ಎತ್ತಿಡಿ, ಮುಂದೆ ಬೇಕಾಗುತ್ತದೆ.

ಈಗ ‘ಮಿಯರೊಸ್’. ಇದು ಹುಟ್ಟಿನಿಂದ ಧರ್ಮದ ಪದವಲ್ಲ. ಹೋಮರನ ಇಲಿಯಡ್‌ನ ನಾಲ್ಕನೆಯ ಸರ್ಗದಲ್ಲಿ ಗ್ರೀಕ್ ವೀರ ಮೆನೆಲಾಸನಿಗೆ ಬಾಣ ತಾಗಿ ತೊಡೆಯ ಮೇಲೆ ನೆತ್ತರು ಇಳಿಯುತ್ತದೆ. ಕುದುರೆಯ ಕೆನ್ನೆಯ ಒಡವೆಗಾಗಿ ಮಯೋನಿಯದವಳೋ ಕಾರಿಯದವಳೋ ಒಬ್ಬ ಹೆಂಗಸು ದಂತಕ್ಕೆ ಕೆಂಪು ಬಣ್ಣ ಹಾಕಿದ ಹಾಗೆ ಅದು ಕಾಣಿಸಿತು ಎನ್ನುತ್ತಾನೆ ಕವಿ. ಬಣ್ಣ ಹಾಕುವುದಕ್ಕೆ ಅಲ್ಲಿರುವ ಮಾತು ಇದೇ ‘ಮಿಯಯ್ನೊ’. ಅಲ್ಲಿ ಪಾಪವಿಲ್ಲ, ಬರೀ ಬಣ್ಣ. ಮುಂದೆ ಕೊಲೆಯ ರಕ್ತದ ಕಲೆ, ಕೊಲೆಗಾರನಿಗೆ ಅಂಟಿ ಊರಿಗೆಲ್ಲ ಹರಡುವ ‘ಮಿಯಸ್ಮ’ ಎಂದು ಅರ್ಥ ದಪ್ಪವಾಗುತ್ತ ಹೋಯಿತು. ಕೊನೆಗೆ ಬೀದಿಯ ಬೈಗುಳವೂ ಆಯಿತು. ಕ್ರಿ.ಪೂ. 421ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೊಫೇನಿಸನ ‘ಶಾಂತಿ’ ನಾಟಕದಲ್ಲಿ ರೈತ ಟ್ರಿಗಾಯಸ್ ಸಗಣಿ ಹುಳುವಿನ ಮೇಲೆ ಕೂತು ದೇವಲೋಕಕ್ಕೆ ಹಾರುತ್ತಾನೆ. ಬಾಗಿಲಲ್ಲಿ ಹರ್ಮಿಸ್ ದೇವರು ‘ಮಿಯರೊಸ್, ಮಹಾ ಮಿಯರೊಸ್’ ಎಂದು ಉಗಿದು ಹೆಸರು ಕೇಳುತ್ತಾನೆ. ಇವನು ‘ಮಿಯರೊತತೊಸ್’, ಅಂದರೆ ಕಡುಹೊಲಸ, ಎನ್ನುತ್ತಾನೆ. ಅಪ್ಪನ ಹೆಸರು? ಅದೇ. ಆಮೇಲೆ ‘ನಿನಗೆಂದು ಈ ಮಾಂಸ ತಂದಿದ್ದೇನೆ’ ಎಂದದ್ದೇ ತಡ ದೇವರು ಕರಗುತ್ತಾನೆ. ‘ನೋಡು ಹೊಟ್ಟೆಬಾಕ, ಈಗ ನಾನು ನಿನಗೆ ಹೊಲಸನಾಗಿ ಕಾಣುತ್ತಿಲ್ಲ’ ಎಂದು ಟ್ರಿಗಾಯಸ್ ಚುಚ್ಚುತ್ತಾನೆ. ಈ ಭಾಗಕ್ಕೆ ಬಂದಾಗ ನನ್ನ ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದವರೂ ಏಳುತ್ತಿದ್ದರು.

ಹಾಗಾದರೆ ಗ್ರೀಕರಿಗೆ ಹಂದಿ ಮಿಯರೊಸ್ ಆಗಿತ್ತೆ? ಇಲ್ಲ, ತದ್ವಿರುದ್ಧ. ಅವರಲ್ಲಿ ಮಿಯಸ್ಮವನ್ನು ತೊಳೆಯುತ್ತಿದ್ದುದೇ ಹಂದಿಮರಿ. ಎಲ್ಯೂಸಿಸ್‌ನ ರಹಸ್ಯ ದೀಕ್ಷೆಗೆ ಬರುವವನು ತನ್ನದೊಂದು ಹಂದಿಮರಿಯನ್ನು ಬಲಿ ಕೊಡಬೇಕಿತ್ತು. ಡಿಮೀಟರ್ ದೇವಿಯ ಹೆಂಗಸರ ಹಬ್ಬದಲ್ಲಿ ಹಂದಿಮರಿಗಳನ್ನು ಕುಳಿಗೆ ಹಾಕಿ, ಕೊಳೆತ ಉಳಿಕೆಯನ್ನು ಆಮೇಲೆ ಎತ್ತಿ ಬಿತ್ತನೆ ಬೀಜಕ್ಕೆ ಬೆರೆಸುತ್ತಿದ್ದರು. ತಾಯಿಯನ್ನು ಕೊಂದ ಒರೆಸ್ಟಿಸ್‌ನ ಮೈಮೇಲಿನ ಕಲೆ ಅಪೊಲೊ ದೇವರ ಒಲೆಯ ಬಳಿ ಹಂದಿಬಲಿಯಿಂದ ಕಳೆಯಿತೆಂದು ಈಸ್ಕಿಲಸ್ ಕ್ರಿ.ಪೂ. 458ರ ನಾಟಕದಲ್ಲಿ ಹೇಳಿಸುತ್ತಾನೆ. ಒಬ್ಬರಿಗೆ ಕೊಳೆಯಾದದ್ದು ಇನ್ನೊಬ್ಬರಿಗೆ ಸೋಪು.

ಗ್ರೀಕ್ ಗುಡಿಗಳಲ್ಲೂ ಆಹಾರದ ಕಟ್ಟುಪಾಡು ಇತ್ತು, ಆದರೆ ಅದರ ಬಗೆ ಬೇರೆ. ಡೆಲೊಸ್ ದ್ವೀಪದಲ್ಲಿ ಸಿರಿಯದ ದೇವತೆಗಳ ಗುಡಿಯ ಶಾಸನವೊಂದಿದೆ: ಮೀನು ತಿಂದವರು ಮೂರನೆಯ ದಿನ ಬರಬೇಕು, ಹಂದಿ ತಿಂದವರು ಸ್ನಾನ ಮಾಡಿ ಬರಬೇಕು. ಇದು ನಮಗೆ ಅಪರಿಚಿತವೇನಲ್ಲ. ‘ಇವತ್ತು ಮೀನು ತಿಂದಿದ್ದೇನೆ, ದೇವಸ್ಥಾನದ ಒಳಗೆ ಬರೋದಿಲ್ಲ, ನೀವು ಹೋಗಿ ಬನ್ನಿ’ ಎಂದು ಹೊರಗೆ ಚಪ್ಪಲಿ ಕಾಯುತ್ತ ನಿಂತವರು ನಿಮ್ಮ ಕರಾವಳಿಯಲ್ಲೇ ಸಿಗುತ್ತಾರೆ. ಅದಕ್ಕೆ ಗಡಿಯಾರವಿದೆ, ಹೊಸ್ತಿಲಿದೆ. ನಾಳೆ ಮಿಂದರೆ ಮುಗಿಯಿತು.

ಎಲಿಯಾಜರನ ‘ಮಿಯರೊಫಗಿಯ’ಕ್ಕೆ ಮಿಂದರೆ ಮುಗಿಯುವ ಗುಣವಿಲ್ಲ. ಇದು ಗ್ರೀಕ್ ಅಕ್ಷರದಲ್ಲಿರುವ ಪದ, ಆದರೆ ಗ್ರೀಕರ ಆಚಾರದ ಪದವಲ್ಲ. ಗ್ರೀಕ್ ಆಡುತ್ತಿದ್ದ ಯೆಹೂದ್ಯರು ಗ್ರೀಕರ ಇಟ್ಟಿಗೆಯಿಂದಲೇ ಕಟ್ಟಿಕೊಂಡದ್ದು. ದೊಡ್ಡ ಗ್ರೀಕ್ ನಿಘಂಟು ತೆರೆದರೂ ಅದಕ್ಕೆ ಕೊಡುವ ಉದಾಹರಣೆ ನಾಲ್ಕನೆಯ ಮಕ್ಕಬಿಯರ ಗ್ರಂಥದ್ದೇ, ಮಕ್ಕಬಿಯರ ಹೆಸರಿನ ನಾಲ್ಕು ಹಳೆಯ ಯೆಹೂದ್ಯ ಗ್ರಂಥಗಳಲ್ಲಿ ಕೊನೆಯದು. ಆ ಗ್ರಂಥ ನಿಮ್ಮ ಬೈಬಲಿನಲ್ಲಿ ಸಿಗುವುದಿಲ್ಲ. ಕಥೋಲಿಕರ ಬೈಬಲಿನಲ್ಲಿರುವುದು ಮೊದಲ ಎರಡು ಮಾತ್ರ. ನಾಲ್ಕನೆಯದು ಸುಮಾರು ಕ್ರಿ.ಶ. ಒಂದನೆಯ ಶತಮಾನದ ಆಸುಪಾಸಿನದು, ವಿವೇಕವು ಭಾವೋದ್ವೇಗಗಳನ್ನು ಆಳಬಲ್ಲದು ಎಂದು ವಾದಿಸುವ ತತ್ತ್ವದ ಉಪನ್ಯಾಸ. ಅದು ಉದಾಹರಣೆಗೆ ತೆಗೆದುಕೊಂಡದ್ದು ನಿಮ್ಮ ನಾಟಕದ ಕಥೆಯನ್ನೇ.

ಹಂದಿ ಏಕೆ ನಿಷಿದ್ಧ ಎಂಬ ಪ್ರಶ್ನೆ ತಾಲೀಮಿನಲ್ಲಿ ಬಂದೇ ಬರುತ್ತದೆ. ‘ಆಗ ಹಂದಿಯಲ್ಲಿ ಹುಳ ಇತ್ತು, ಅದಕ್ಕೇ ಬೇಡ ಅಂದರು’ ಎಂಬ ಉತ್ತರ ಕೊಡಬೇಡಿ. ಹಂದಿಮಾಂಸದಿಂದ ಬರುವ ಟ್ರೈಕಿನೆಲ್ಲ ಹುಳು ಕಣ್ಣಿಗೆ ಬಿದ್ದದ್ದು 1835ರಲ್ಲಿ, ಲಂಡನ್ನಿನ ಒಬ್ಬ ವೈದ್ಯ ವಿದ್ಯಾರ್ಥಿಗೆ. ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ಹಂದಿಮಾಂಸದಷ್ಟು ಪುಷ್ಟಿಯ ಆಹಾರ ಬೇರೊಂದಿಲ್ಲ ಎಂದಿದ್ದಾನೆ. ಈ ನಿಷೇಧವಿರುವ ಬೈಬಲಿನ ಯಾಜಕಕಾಂಡದ ಹನ್ನೊಂದನೆಯ ಅಧ್ಯಾಯ ರೋಗದ ಸುದ್ದಿಯನ್ನೇ ಎತ್ತುವುದಿಲ್ಲ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ಹಂದಿಯ ಗೊರಸು ಸೀಳಿದೆ, ಮೆಲುಕು ಹಾಕುವುದಿಲ್ಲ, ಆದ್ದರಿಂದ ಬೇಡ. ಅಷ್ಟೇ. ಯಾವ ಗುಂಪಿಗೂ ಸರಿಯಾಗಿ ಸೇರದ ಪ್ರಾಣಿ ಅಶುದ್ಧವೆನಿಸಿತು ಎಂದು ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ವಾದಿಸಿದರು, ಮುಂದೆ ಆ ವಾದವನ್ನು ತಾವೇ ತಿದ್ದಿಕೊಂಡರು. ನಾಟಕಕ್ಕೆ ಇದು ಯಾವುದೂ ಬೇಡ. ಹಂದಿ ರುಚಿಯಿಲ್ಲ ಎಂದು ನಾಲ್ಕನೆಯ ಮಕ್ಕಬಿಯರ ಲೇಖಕ ಎಲ್ಲೂ ಹೇಳುವುದಿಲ್ಲ. ನಿಷಿದ್ಧ ಮೀನು, ಹಕ್ಕಿ, ಪ್ರಾಣಿಗಳ ಮೇಲೆ ನಮಗೆ ಆಸೆಯಾಗುತ್ತದೆ, ಆದರೂ ವಿವೇಕದಿಂದ ತಡೆದುಕೊಳ್ಳುತ್ತೇವೆ ಎಂದು ಆರಂಭದಲ್ಲೇ ಒಪ್ಪಿಕೊಳ್ಳುತ್ತಾನೆ. ಬಾಯಲ್ಲಿ ನೀರೂರುವುದನ್ನು ಮುಚ್ಚಿಡದ ಪ್ರಾಮಾಣಿಕ. ನನಗೆ ಅವನು ಇಷ್ಟವಾಗುವುದು ಇಲ್ಲಿಯೇ.

ಕಥೆಯ ಕಾಲ ಕ್ರಿ.ಪೂ. 167ರ ಆಸುಪಾಸು. ಸಿರಿಯದ ಗ್ರೀಕ್ ಅರಸ ನಾಲ್ಕನೆಯ ಆಂಟಿಯೋಕಸ್ ಎಪಿಫಾನಿಸ್ ಯೆಹೂದ್ಯರ ಆಚಾರಗಳನ್ನು ನಿಷೇಧಿಸಿ ಜೆರುಸಲೇಮಿನ ದೇವಾಲಯದಲ್ಲಿ ಗ್ರೀಕರ ದೇವರು ಜ್ಯೂಸ್‌ನ ಪೂಜೆ ಹೂಡಿದ. ಜನರನ್ನು ಎಳೆತಂದು ಹಂದಿಮಾಂಸವನ್ನೂ ವಿಗ್ರಹಕ್ಕೆ ಬಲಿಕೊಟ್ಟ ಮಾಂಸವನ್ನೂ ತಿನ್ನಿಸಿದ. ಎರಡನೆಯ ಮಕ್ಕಬಿಯರ ಗ್ರಂಥ ಇದಕ್ಕೆ ಬಳಸುವುದು ‘ಸ್ಪ್ಲಾಂಖ್ನಿಸ್ಮೊಸ್’ ಎಂಬ ಪದವನ್ನು: ಬಲಿಪಶುವಿನ ಹೃದಯ, ಪಿತ್ತಜನಕಾಂಗಗಳನ್ನು ತಿನ್ನುವುದು. ಗ್ರೀಕರ ಬಲಿಯಲ್ಲಿ ಒಳಗಿನವರು ಮೊದಲು ಸುಟ್ಟು ಹಂಚಿಕೊಳ್ಳುತ್ತಿದ್ದ ಪಾಲು ಅದು. ಅದನ್ನು ಬಾಯಿಗಿಟ್ಟವನು ಆ ಪಂಕ್ತಿಯವನಾದ. ಪ್ರಸಾದಕ್ಕೆ ಕೈಯೊಡ್ಡುವುದು ಏನೆಂದು ಗೊತ್ತಿರುವ ನಮ್ಮ ಪ್ರೇಕ್ಷಕರಿಗೆ ಇದನ್ನು ವಿವರಿಸಬೇಕಿಲ್ಲ. ಎತ್ತಿಡಿ ಎಂದಿದ್ದೆನಲ್ಲ ಪಾಲು, ಅದು ಇಲ್ಲಿಗೆ. ಅರಸ ಪರೀಕ್ಷಿಸುತ್ತಿದ್ದುದು ನಾಲಿಗೆಯನ್ನಲ್ಲ, ಯಾರ ಪಾಲು ತೆಗೆದುಕೊಳ್ಳುತ್ತೀ ಎಂಬುದನ್ನು.

ನಾಲ್ಕನೆಯ ಗ್ರಂಥದ ಐದನೆಯ ಅಧ್ಯಾಯದಲ್ಲಿ ಅರಸನಿಗೂ ಎಲಿಯಾಜರನಿಗೂ ವಾದ ನಡೆಯುತ್ತದೆ. ಅರಸ ಒರಟನಲ್ಲ, ನಯವಾಗಿ ಮಾತಾಡುತ್ತಾನೆ: ನಿಸರ್ಗ ಕೊಟ್ಟ ಇಷ್ಟು ಒಳ್ಳೆಯ ಮಾಂಸವನ್ನು ಏಕೆ ದೂಡುತ್ತೀ? ನಿಮ್ಮ ಧರ್ಮವನ್ನು ಕಾಯುವ ಶಕ್ತಿ ಇದ್ದರೂ ಬಲವಂತಕ್ಕೆ ಮಾಡಿದ ತಪ್ಪನ್ನು ಅದು ಮನ್ನಿಸದೆ? ಅವನ ಬಾಯಲ್ಲಿ ಅದು ಬರೀ ‘ಹಂದಿಮಾಂಸ’. ‘ಮಿಯರೊಫಗಿಯ’ ಬರುವುದು ಕಥೆ ಹೇಳುವವನ ಬಾಯಲ್ಲಿ ಮತ್ತು ಬೇಡವೆನ್ನುವವರ ಬಾಯಲ್ಲಿ. ಹೀಗಾಗಿ ಸಂಭಾಷಣೆಯಲ್ಲಿ ಅರಸನಿಗೂ ಸೈನಿಕರಿಗೂ ಈ ಪದ ಕೊಡಬೇಡಿ. ಅವರು ‘ಮಾಂಸ’ ಎನ್ನಲಿ, ‘ಊಟ’ ಎನ್ನಲಿ.

ಅರಸನ ಕೊನೆಯ ಪ್ರಶ್ನೆಯನ್ನು ನಿಮ್ಮ ಪ್ರೇಕ್ಷಕರೂ ಕೇಳುತ್ತಾರೆ, ಏಕೆಂದರೆ ನಮ್ಮ ಕಡೆಯ ಕಥೆಗಳು ಬೇರೆ ಉತ್ತರ ಕೊಟ್ಟಿವೆ. ಛಾಂದೋಗ್ಯ ಉಪನಿಷತ್ತಿನ ಉಷಸ್ತಿ ಚಾಕ್ರಾಯಣ ಬರಗಾಲದಲ್ಲಿ ಮಾವುತನ ಎಂಜಲು ಕಾಳನ್ನು ಬೇಡಿ ತಿನ್ನುತ್ತಾನೆ, ಅವನು ಕೊಟ್ಟ ನೀರನ್ನು ಮಾತ್ರ ಒಲ್ಲೆನೆನ್ನುತ್ತಾನೆ: ಕಾಳಿಲ್ಲದಿದ್ದರೆ ಬದುಕುತ್ತಿರಲಿಲ್ಲ, ನೀರು ಬೇಕಾದಲ್ಲಿ ಸಿಗುತ್ತದೆ. ಯೆಹೂದ್ಯ ಧರ್ಮವೂ ಈ ವಿಷಯದಲ್ಲಿ ಕಲ್ಲುಮನಸ್ಸಿನದಲ್ಲ. ಹಸಿವಿನಿಂದ ಸಾಯುವವನು ಹಂದಿ ತಿಂದು ಬದುಕಬಹುದು. ವಿಗ್ರಹಾರಾಧನೆ, ಕೊಲೆ, ವ್ಯಭಿಚಾರ ಈ ಮೂರನ್ನು ಬಿಟ್ಟರೆ ಪ್ರಾಣವೇ ದೊಡ್ಡದು ಎಂದು ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಹೇಳುತ್ತದೆ. ಆದರೆ ಅದೇ ತಾಲ್ಮುದ್, ಧರ್ಮ ಬಿಡಿಸಲೆಂದೇ ಪ್ರಭುತ್ವ ಹಿಂಸಿಸುವ ಕಾಲದಲ್ಲಿ ಚಪ್ಪಲಿಯ ದಾರವನ್ನು ಕಟ್ಟುವ ಕ್ರಮವನ್ನೂ ಬದಲಿಸಬೇಡ ಎನ್ನುತ್ತದೆ. ಉಷಸ್ತಿಯ ಎದುರಿಗಿದ್ದದ್ದು ಹಸಿವು. ಎಲಿಯಾಜರನ ಎದುರಿಗಿದ್ದದ್ದು ಚಕ್ರದ ಮೇಲೆ ಮೂಳೆ ಮುರಿಸುವ ಅರಸ.

ಈಗ ಕನ್ನಡದ ಮಾತಿಗೆ. ‘ಮೈಲಿಗೆ ಊಟ’ ಬೇಡ, ಮೊದಲಾಗಿ ಅದು ಕನ್ನಡವೇ ಅಲ್ಲ. ಬಟ್ಟೆ ಮೈಲಿಗೆಯಾಗುತ್ತದೆ, ಮೈ ಮೈಲಿಗೆಯಾಗುತ್ತದೆ. ಅನ್ನ ತಾಗಿದ್ದು ಮುಸುರೆ, ಬಾಯಿ ತಾಗಿದ್ದು ಎಂಜಲು, ರಾತ್ರಿ ಉಳಿದದ್ದು ತಂಗಳು, ಸಾವಿನದು ಸೂತಕ. ಒಂದೊಂದಕ್ಕೂ ಒಂದೊಂದು ಹೆಸರಿಟ್ಟ ನಮ್ಮ ಅಡುಗೆಮನೆ, ತಿನ್ನಬಾರದ ಮಾಂಸಕ್ಕೆ ‘ಮೈಲಿಗೆ’ ಎನ್ನುವುದಿಲ್ಲ. ‘ನಾವು ಅದು ತಿನ್ನಲ್ಲ’ ಎನ್ನುತ್ತದೆ. ಎರಡನೆಯದು, ನಿಮ್ಮ ಹುಡುಗ ಕೇಳಿಸಿಕೊಂಡದ್ದು. ಈ ನೆಲದಲ್ಲಿ ‘ಮೈಲಿಗೆ’ ತಟ್ಟೆಯ ಮೇಲೆ ನಿಲ್ಲುವುದಿಲ್ಲ, ತಟ್ಟೆ ಹಿಡಿದವನ ಮೇಲೆ ಏರುತ್ತದೆ. ನೂರಾರು ವರ್ಷ ಒಬ್ಬರ ಊಟವನ್ನು ತೋರಿಸಿ ಅವರನ್ನೇ ಹೊರಗಿಟ್ಟ ಪದ ಅದು. ಎಲಿಯಾಜರನ ಕಥೆಯಲ್ಲಿ ಹಂದಿ ತಿನ್ನುವವರು ಅಧಿಕಾರದಲ್ಲಿದ್ದವರು, ಒಲ್ಲೆನೆಂದವನು ಕೈಕಟ್ಟಿ ನಿಂತವನು. ‘ಮೈಲಿಗೆ’ ಎಂದ ಕೂಡಲೆ ಈ ಲೆಕ್ಕ ತಿರುಗುಮುರುಗಾಗಿ ಅವನು ಪಂಕ್ತಿಯಿಂದ ಎಬ್ಬಿಸುವವನ ಹಾಗೆ ಕೇಳಿಸುತ್ತಾನೆ.

‘ಅಭಕ್ಷ್ಯಭಕ್ಷಣ’ ಭಾಷಾಶಾಸ್ತ್ರದ ಲೆಕ್ಕದಲ್ಲಿ ಚೆಂದ, ‘ಫಗಿಯ’ ಮತ್ತು ‘ಭಕ್ಷಣ’ ಸೋದರಸಂಬಂಧಿಗಳಾದ್ದರಿಂದ ನನಗೂ ಅದರ ಮೇಲೆ ಒಂದು ಕಣ್ಣು. ಲೇಖನವಾಗಿದ್ದರೆ ಅದನ್ನೇ ಹಾಕಿ ಎನ್ನುತ್ತಿದ್ದೆ. ರಂಗದ ಮೇಲೆ ಅದು ಧರ್ಮಶಾಸ್ತ್ರದ ಪುಟದಿಂದ ಬಂದ ಮಾತಾಗಿ, ಹಿಂದೆಯೇ ಪ್ರಾಯಶ್ಚಿತ್ತದ ಪಟ್ಟಿ ಬರುತ್ತದೆಂಬ ನಿರೀಕ್ಷೆ ಹುಟ್ಟಿಸುತ್ತದೆ. ಕನ್ನಡ ಬೈಬಲಿಗೆ ಒಗ್ಗಿದ ‘ಅಶುದ್ಧ ಆಹಾರ’ದಲ್ಲಿ ಯಾರಿಗೂ ಗಾಯವಿಲ್ಲ, ಆದರೆ ಇವತ್ತಿನ ಕಿವಿಗೆ ಕಾಯಿಸದ ನೀರು, ಕಲಬೆರಕೆ ಎಣ್ಣೆ ಎಂದು ಕೇಳಿಸಿ ಹೋಟೆಲಿಗೆ ಬಂದ ಆರೋಗ್ಯಾಧಿಕಾರಿಯ ನೆನಪಾಗುತ್ತದೆ.

ಅಚ್ಚೊತ್ತಿದ ಹಾಗೆ ಹೊಂದುವುದು ‘ಹೊಲಸು ತಿನ್ನುವುದು’. ಮಿಯರೊಸ್‌ನ ಹಾಗೆ ‘ಹೊಲಸು’ ಕೊಳೆಯೂ ಹೌದು, ಬೈಗುಳವೂ ಹೌದು. ಬಸವಣ್ಣನವರ ವಚನದಲ್ಲಿ ‘ಹೊಲಸ ತಿಂಬವ’ ಎಂಬ ಮಾತೇ ಬರುತ್ತದೆ, ಹುಟ್ಟಿನಿಂದ ಅಂಟಿಸಿದ ಕೀಳುತನವನ್ನು ಕಿತ್ತು ನಡತೆಗೆ ತಗುಲಿಸುವುದಕ್ಕಾಗಿ. ಅಪಾಯ ಎರಡು ಕಡೆಗಿದೆ. ಪದದ ಬೆನ್ನಿಗೇ ಜಾತಿಯ ಹೆಸರೊಂದು ಅಂಟಿಕೊಂಡಿದೆ. ಇನ್ನೊಂದನ್ನು ಅನುವಾದದ ಸಭೆಯೊಂದರಲ್ಲಿ ಉತ್ತರ ಕರ್ನಾಟಕದ ಹಿರಿಯರೊಬ್ಬರು ನನಗೆ ಮೆತ್ತಗೆ ಹೇಳಿದರು: ‘ಸರ, ನಮ್ಮ ಕಡೆ ಹೊಲಸು ತಿನ್ನೂದಂದ್ರ ಏನು ತಿನ್ನೂದಂತ ಗೊತ್ತೇನ್ರಿ?’ ಸಭೆ ನಕ್ಕಿತು. ದುರಂತದ ನಡುವೆ ನಿಮ್ಮ ಸಭಾಂಗಣವೂ ನಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ನಾಮಪದವನ್ನೇ ಬಿಟ್ಟು ಕ್ರಿಯಾಪದ ಹಿಡಿಯುತ್ತಿದ್ದೆ. ಸೂತ್ರಧಾರನಿಗೆ ‘ತಿನ್ನಬಾರದ್ದನ್ನು ತಿನ್ನಿಸಿದರು’. ಎಲಿಯಾಜರನಿಗೆ ‘ನಾವು ತಿನ್ನುವಂಥದಲ್ಲ’. ‘ನಾವು’ ಎಂಬುದನ್ನು ಬಿಡಬೇಡಿ, ಮೂಲದಲ್ಲೂ ಅದು ‘ನಾವು’ ಎಂದೇ ಇದೆ. ಗ್ರೀಕರು ಹಂದಿ ತಿನ್ನುವುದನ್ನು ಅವನು ಹೀಗಳೆಯುವುದಿಲ್ಲ. ತನಗೆ ತಿನ್ನಿಸಿ ಆಮೇಲೆ ನಗಬೇಕೆಂದಿದ್ದೀರಿ, ಅದು ದಬ್ಬಾಳಿಕೆ ಎನ್ನುತ್ತಾನೆ. ಹೀಗೆ ಬರೆದರೆ ಗ್ರೀಕ್‌ನ ಖಾರ ಸ್ವಲ್ಪ ತಗ್ಗುತ್ತದೆ. ಮಿಯರೊಸ್‌ನ ಅಸಹ್ಯ ‘ಬಾರದ್ದು’ ಎಂಬುದರಲ್ಲಿ ಇಲ್ಲ. ಆ ನಷ್ಟವನ್ನು ನಟನ ಮುಖ ತುಂಬಲಿ.

ಒಂದು ದೃಶ್ಯವನ್ನು ಮಾತ್ರ ಕತ್ತರಿಸಬೇಡಿ, ನಿಮ್ಮ ಹುಡುಗನ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ. ಎರಡನೆಯ ಮಕ್ಕಬಿಯರ ಆರನೆಯ ಅಧ್ಯಾಯದಲ್ಲಿ ಎಲಿಯಾಜರನ ಹಳೆಯ ಪರಿಚಿತರು ಅವನನ್ನು ಬದಿಗೆ ಕರೆದು ಗುಟ್ಟಾಗಿ ಹೇಳುತ್ತಾರೆ: ನಿನಗೆ ಸಲ್ಲುವ ಮಾಂಸವನ್ನು ನೀನೇ ತರಿಸಿಕೊ, ಅದನ್ನೇ ತಿನ್ನು, ಅರಸ ಹೇಳಿದ ಮಾಂಸ ತಿಂದ ಹಾಗೆ ನಟಿಸು ಸಾಕು. ಎಲೆಯ ಮೇಲೆ ಬರುವುದು ಪೂರ್ತಿ ಶುದ್ಧವಾದ ಮಾಂಸ. ಆದರೂ ಮುದುಕ ಒಲ್ಲೆನೆನ್ನುತ್ತಾನೆ: ತೊಂಬತ್ತರ ವಯಸ್ಸಿನಲ್ಲಿ ಎಲಿಯಾಜರ್ ಪರಧರ್ಮಕ್ಕೆ ಹೋದನೆಂದು ಹುಡುಗರು ತಿಳಿದುಕೊಳ್ಳುತ್ತಾರೆ. ನಾಲ್ಕನೆಯ ಗ್ರಂಥ ಇದೇ ಘಟ್ಟದಲ್ಲಿ, ಹುಡುಗರಿಗೆ ನಾವು ‘ಮಿಯರೊಫಗಿಯ’ದ ಮಾದರಿಯಾಗಬಾರದು ಎಂಬ ಮಾತನ್ನು ಅವನ ಬಾಯಲ್ಲಿಡುತ್ತದೆ. ಹಂದಿಯ ಚೂರೂ ಬಾಯಿಗೆ ಹೋಗದಿದ್ದರೂ ಆ ಪದ ಅಲ್ಲಿ ನಿಲ್ಲುತ್ತದೆ. ಇದನ್ನು ಹುಡುಗನಿಗೆ ಓದಿಸಿ, ಆಮೇಲೆ ಪುಸ್ತಕ ಮತ್ತೆ ತೆರೆಯುತ್ತಾನೋ ನೋಡಿ.

ಯೇಸುವಿನ ಶಿಷ್ಯ ಪೇತ್ರನಿಗೆ ಯೊಪ್ಪ ಊರಿನ ಮಾಳಿಗೆಯ ಮೇಲೆ ಕಂಡ, ದೇವರು ಶುದ್ಧ ಮಾಡಿದ್ದನ್ನು ಅಶುದ್ಧವೆನ್ನಬೇಡ ಎಂಬ ದರ್ಶನದಿಂದಾಗಿ ನಿಮ್ಮ ಮನೆಗಳಲ್ಲಿ ಹಂದಿಗೆ ತಡೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ, ನಾಟಕದಲ್ಲಿ ಅದಕ್ಕೆ ಸಮಜಾಯಿಷಿ ಹಾಕಬೇಡಿ. ಪದವನ್ನು ಎಲ್ಲಾದರೂ ಉಚ್ಚರಿಸುವುದಾದರೆ ‘ಫ’ವನ್ನು ಫಲ, ಫಣಿ ಎನ್ನುವಾಗಿನ ಹಾಗೆ ತುಟಿ ಕೂಡಿಸಿ ಹೇಳಿಸಿ, ಫೋನ್ ಎನ್ನುವಾಗಿನ ಹಾಗಲ್ಲ. ಹಳೆಯ ಗ್ರೀಕರು ಹಾಗೆಯೇ ಹೇಳುತ್ತಿದ್ದರು. ಮಕ್ಕಬಿಯರೆಂದೇ ಕರೆಯುವ ಈ ಏಳು ಅಣ್ಣತಮ್ಮಂದಿರ ಸ್ಮರಣೆಯ ದಿನ ಆಗಸ್ಟ್ 1. ಪ್ರದರ್ಶನ ಅವತ್ತೇ ಇಟ್ಟುಕೊಂಡರೆ ಮಳೆಗಾಲ, ಒಳಾಂಗಣ ನೋಡಿಕೊಳ್ಳಿ.